ಒಂದು ಹಸಿರು, ನಾಲ್ಕು ಪ್ರತಿ: ‘ವರ್ಟಿಗೋ’ ಡಿವಿಡಿಯಿಂದ 4ಕೆ ತನಕ

ಅಮ್ಮನಿಗೆ ಹಸಿರಿನಲ್ಲಿ ಏನಿಲ್ಲವೆಂದರೂ ಎಂಟು ಬಗೆ ಗೊತ್ತು. ಗಿಳಿಹಸಿರು, ಎಲೆಹಸಿರು, ಪಾಚಿಹಸಿರು, ಬಾಟಲ್ ಗ್ರೀನು, ಮೆಹಂದಿ ಬಣ್ಣ, ಹೀಗೆ. ಸೀರೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಅವಳು ಯಾವ ಬಣ್ಣವನ್ನೂ ಒಪ್ಪಿದವಳಲ್ಲ. ಸೀರೆಯನ್ನು ಬಾಗಿಲ ತನಕ ತಂದು ಬಿಸಿಲಿಗೆ ಹಿಡಿದು ನೋಡಿದ ಮೇಲೇ ಮಾತು. ಹಾಗಾಗಿ ‘ವರ್ಟಿಗೋ’ ಚಿತ್ರದ ನಾಲ್ಕು ಪ್ರತಿಗಳನ್ನು (ಡಿವಿಡಿ, ಅದಕ್ಕಿಂತ ಸ್ಪಷ್ಟವಾದ ಬ್ಲೂ-ರೇ ಡಿಸ್ಕ್, ಇಂಟರ್ನೆಟ್‌ನ ಓಟಿಟಿ, ಇನ್ನೂ ಹೆಚ್ಚು ವಿವರದ 4ಕೆ ಡಿಸ್ಕ್) ಒಂದರ ಪಕ್ಕ ಒಂದಿಟ್ಟು ನೋಡಲು ಕೂತಾಗ ಅವಳನ್ನೂ ಸೋಫಾದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ.

1958ರಲ್ಲಿ ಆಲ್ಫ್ರೆಡ್ ಹಿಚ್‌ಕಾಕ್ ತೆಗೆದ ಚಿತ್ರ ಇದು. ನೋಡದವರು ಇರಬಹುದು, ಅದಕ್ಕೇ ಗುಟ್ಟು ಬಿಟ್ಟುಕೊಡುವುದಿಲ್ಲ. ಎತ್ತರ ಕಂಡರೆ ತಲೆ ತಿರುಗುವ ಒಬ್ಬ ಮಾಜಿ ಪತ್ತೇದಾರ. ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಅವನು ಹಿಂಬಾಲಿಸುವ ಒಬ್ಬ ಹೆಂಗಸು. ಆಕೆ ಮೊದಲ ಸಲ ಕಾಣುವುದು ಕೆಂಪು ಗೋಡೆಯ ರೆಸ್ಟೋರೆಂಟಿನಲ್ಲಿ, ಕಪ್ಪು ಗೌನಿನ ಮೇಲೆ ಹಸಿರು ಶಾಲು ಹೊದ್ದು. ಆಕೆಯ ಜಾಗ್ವಾರ್ ಕಾರು ಹಸಿರು. ಕೊನೆಯ ಭಾಗದಲ್ಲಿ ಹೋಟೆಲ್ ಕೋಣೆಯೊಂದಕ್ಕೆ ಹೊರಗಿನ ನಿಯಾನ್ ಬೋರ್ಡಿನ ಹಸಿರು ಬೆಳಕು ಬಂದು ತುಂಬಿಕೊಳ್ಳುತ್ತದೆ, ಒಂದು ಬಾಗಿಲು ತೆರೆಯುತ್ತದೆ. ಇಡೀ ಕಥೆ ನಿಂತಿರುವುದು ಆ ಕ್ಷಣದ ಮೇಲೆ. ಅಲ್ಲಿ ಹಸಿರು ಕೆಟ್ಟರೆ ಸಸ್ಪೆನ್ಸೇ ಕೆಟ್ಟ ಹಾಗೆ. ಹಳೆಯ ಚಿತ್ರಗಳ ಡಿಸ್ಕ್ ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ‘ಎಷ್ಟು ಶಾರ್ಪ್ ಇದೆ?’ ಎಂದು. ನನ್ನ ಮಟ್ಟಿಗೆ ಮೊದಲು ಕೇಳಬೇಕಾದದ್ದು ‘ಬಣ್ಣ ಸರಿ ಇದೆಯಾ?’

ನೋಡಿದ ರೀತಿ ಹೀಗೆ. ಒಂದೇ 55 ಇಂಚಿನ ಟಿವಿ, ಒಂದೇ ಜಾಗ, ರಾತ್ರಿ ಎಂಟರ ಮೇಲೆ ಪರದೆ ಎಳೆದು. ನಾಲ್ಕೂ ಪ್ರತಿಗಳಲ್ಲಿ ಅವೇ ಮೂರು ದೃಶ್ಯ: ಕೆಂಪು ರೆಸ್ಟೋರೆಂಟ್, ಮಂಜು ಕವಿದ ಸಮಾಧಿ ತೋಟ, ಹೋಟೆಲ್ ಕೋಣೆ. ಟಿವಿಯ ಬಣ್ಣ ಉಬ್ಬಿಸುವ ‘ವಿವಿಡ್’ ಮೋಡ್ ತೆಗೆದು ಫಿಲ್ಮ್‌ಮೇಕರ್ ಮೋಡ್‌ಗೆ ಹಾಕಿದೆ, ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿದೆ. ಇಷ್ಟು ಮಾಡದೆ ಯಾವ ಡಿಸ್ಕನ್ನೂ ಅಳೆಯಬೇಡಿ. ಆ ಸೆಟ್ಟಿಂಗ್ ಇದ್ದರೆ ಹಿಚ್‌ಕಾಕ್ ಚಿತ್ರವೂ ಸಂಜೆಯ ಧಾರಾವಾಹಿ ಥರ ಕಾಣುತ್ತದೆ.

ಹೋಲಿಕೆಗೆ ಮುಂಚೆ ಈ ಚಿತ್ರ ನಮಗೆ ಉಳಿದ ಬಗೆ ಹೇಳಲೇಬೇಕು. ‘ವರ್ಟಿಗೋ’ ತೆಗೆದದ್ದು ವಿಸ್ಟಾವಿಷನ್ ಪದ್ಧತಿಯಲ್ಲಿ. ಸಾಮಾನ್ಯವಾಗಿ 35 ಎಂಎಂ ರೀಲು ಕ್ಯಾಮೆರಾದಲ್ಲಿ ಮೇಲಿಂದ ಕೆಳಗೆ ಓಡುತ್ತದೆ, ಒಂದು ಚಿತ್ರಕ್ಕೆ ಅಂಚಿನ ನಾಲ್ಕು ತೂತಿನಷ್ಟು ಜಾಗ. ವಿಸ್ಟಾವಿಷನ್‌ನಲ್ಲಿ ಅದೇ ರೀಲು ಅಡ್ಡಡ್ಡ ಓಡುತ್ತದೆ, ಒಂದು ಚಿತ್ರಕ್ಕೆ ಎಂಟು ತೂತು. ಅಂದರೆ ನೆಗೆಟಿವ್‌ನಲ್ಲಿ ಎರಡು ಪಟ್ಟಿಗೂ ಜಾಸ್ತಿ ಜಾಗ, ಅಷ್ಟೇ ಜಾಸ್ತಿ ವಿವರ. ಆದರೆ 1990ರ ದಶಕದ ಹೊತ್ತಿಗೆ ಆ ನೆಗೆಟಿವ್‌ನ ಬಣ್ಣ ಮಾಸಿಹೋಗಿತ್ತು. ಮುಂಜಾಗ್ರತೆಗೆ ಮೂರು ಬಣ್ಣಗಳನ್ನು ಬೇರೆ ಬೇರೆ ಕಪ್ಪು-ಬಿಳುಪು ರೀಲುಗಳಲ್ಲಿ ತೆಗೆದಿಟ್ಟಿದ್ದರು ನಿಜ. ಆದರೆ ಅವೂ ಒಂದೊಂದು ಒಂದೊಂದು ಥರ ಕುಗ್ಗಿದ್ದವು. ಅಗ್ಗದ ಕ್ಯಾಲೆಂಡರಿನಲ್ಲಿ ಅಚ್ಚು ಸರಿದು ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿದಿರುತ್ತದಲ್ಲ, ಮೂರು ರೀಲು ಸುಮ್ನೆ ಜೋಡಿಸಿದರೆ ಹಾಗೇ ಆಗುತ್ತದೆ.

ಹಳೆಯ ಚಿತ್ರಗಳನ್ನು ಸರಿಪಡಿಸುವ ರಾಬರ್ಟ್ ಹ್ಯಾರಿಸ್ ಮತ್ತು ಜೇಮ್ಸ್ ಕಾಟ್ಜ್ ಇದನ್ನು ಕೈಗೆತ್ತಿಕೊಂಡು 1996ರಲ್ಲಿ 70 ಎಂಎಂ ಪ್ರಿಂಟುಗಳಾಗಿ ಮತ್ತೆ ತೆರೆಗೆ ತಂದರು. ಹೋಟೆಲ್ ಕೋಣೆಯ ದೃಶ್ಯಕ್ಕೆ ಮೂಲದಿಂದ ಎಂಟು ಪೀಳಿಗೆ ದೂರದ ನಕಲುಗಳನ್ನೂ ಬಳಸಬೇಕಾಯಿತು. ಜೆರಾಕ್ಸ್‌ನ ಜೆರಾಕ್ಸ್ ಎಂಟು ಸಲ ತೆಗೆದರೆ ಅಕ್ಷರ ಏನಾಗುತ್ತದೆ ಎಂದು ನೆನೆಸಿಕೊಳ್ಳಿ. ಹಸಿರು ಯಾವುದು ಸರಿ ಎಂದು ತಿಳಿಯಲು ಅವರಿಗೆ ಸಿಕ್ಕ ದೊಡ್ಡ ಆಧಾರ ಒಂದು ಕಾರಿನ ಬಣ್ಣ. ಚಿತ್ರದಲ್ಲಿ ಬಳಸಿದ್ದ ಕಾರಿನ ಹಸಿರು ಪೇಂಟಿನ ಮಾದರಿ, ಕೆಡದೆ ಉಳಿದಿದ್ದದ್ದು, ಫೋರ್ಡ್ ಕಂಪನಿಯಿಂದ ಬಂತು. ಅದನ್ನು ಪಕ್ಕಕ್ಕಿಟ್ಟುಕೊಂಡು ಹಸಿರು ಕೂಡಿಸಿದರು. ಸೀರೆಯನ್ನು ಬಿಸಿಲಿಗೆ ಹಿಡಿಯುವ ಕೆಲಸವೇ ಅಲ್ವಾ ಅದು? ಇದನ್ನು ಓದಿದ ದಿನ ಅಮ್ಮನಿಗೆ ಹೇಳಿದೆ. “ಮತ್ತೆ? ಮಾದರಿ ಇಲ್ಲದೆ ಮ್ಯಾಚಿಂಗ್ ಹೇಗೆ ಮಾಡ್ತಾರೆ?” ಅಂದಳು.

ಈಗ ಡಿವಿಡಿ. ನನ್ನ ಹತ್ತಿರ ಇರುವುದು ಪಾಲ್ ಪದ್ಧತಿಯದು, ಅಂದರೆ ನಮ್ಮ ಹಳೆಯ ಟಿವಿಗಳ ಲೆಕ್ಕದ್ದು. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ, ಪಾಲ್ ಓಡಿಸುವುದು 25ರ ಲೆಕ್ಕದಲ್ಲಿ. ಅದರಿಂದ 128 ನಿಮಿಷದ ಚಿತ್ರ 123 ನಿಮಿಷದ ಹತ್ತಿರ ಮುಗಿದುಹೋಗುತ್ತದೆ. ಬರ್ನಾರ್ಡ್ ಹರ್ಮನ್ ಅವರ ಸಂಗೀತದ ಶ್ರುತಿ ಸ್ವಲ್ಪ ಏರಿ ಕೇಳುತ್ತದೆ. ಚಿತ್ರದ ಶುರುವಿನ ಸುರುಳಿಗಳ ಜೊತೆ ಬರುವ ಆ ಸುತ್ತುವ ನಾದಕ್ಕೆ ಈ ಅವಸರ ಒಪ್ಪುವುದಿಲ್ಲ. ವರ್ಷಗಟ್ಟಲೆ ಇದನ್ನೇ ಕೇಳಿದ್ದ ನನಗೆ ಬ್ಲೂ-ರೇ ಹಾಕಿದ ಮೊದಲ ದಿನ ‘ಏನಿದು, ನಿಧಾನ ಆಯ್ತಲ್ಲ’ ಅನ್ನಿಸಿತ್ತು. ನಿಜವಾದ ವೇಗ ಅದೇ ಆಗಿತ್ತು.

ಚಿತ್ರದ ಗುಣ ಹೇಳಬೇಕೆಂದರೆ, ಡಿವಿಡಿಯಲ್ಲಿ ಹೋಟೆಲ್ ಕೋಣೆಗೆ ಯಾರೋ ಹಸಿರು ಸುಣ್ಣ ಹೊಡೆದ ಹಾಗಿದೆ. ಗೋಡೆ, ಮುಖ, ಪರದೆ ಎಲ್ಲ ಒಂದೇ ಹಸಿರು. ಅಮ್ಮ ಅದನ್ನು “ಪಾಚಿ” ಅಂದಳು. ರೆಸ್ಟೋರೆಂಟಿನಲ್ಲಿ ಆಕೆ ಬಂದು ನಿಂತಾಗ ಹಿಂದಿನ ಕೆಂಪು ಗೋಡೆ ಒಂದು ಕ್ಷಣ ಹೊಳೆದು ಮತ್ತೆ ತಗ್ಗುತ್ತದೆ. ಬೇಕೆಂದೇ ಮಾಡಿದ ಬೆಳಕು ಅದು, ನೋಡುವವನ ಎದೆ ಹಾರುವ ಹಾಗೆ. ಡಿವಿಡಿಯಲ್ಲಿ ನಾನು ಅದನ್ನು ಇಷ್ಟು ವರ್ಷ ಡಿಸ್ಕಿನ ದೋಷ ಎಂದೇ ತಿಳಿದಿದ್ದೆ.

2012ರ ಬ್ಲೂ-ರೇ ದೊಡ್ಡ ಜಿಗಿತ. ಶಾಲಿನ ಮಡಿಕೆ ಕಾಣುತ್ತದೆ, ಗೋಡೆಯ ಕೆಂಪು ವಾಲ್‌ಪೇಪರಿನ ಹೂವಿನ ಚಿತ್ತಾರ ಕಾಣುತ್ತದೆ, ಗೋಡೆ ಹೊಳೆಯುವ ಬೆಳಕು ಬೆಳಕಿನಂತೆಯೇ ಕಾಣುತ್ತದೆ. ದುಡ್ಡು ಕಡಿಮೆ ಇದ್ದು ಒಂದೇ ಪ್ರತಿ ಕೊಳ್ಳುವವರು, 4ಕೆ ಪ್ಲೇಯರ್ ಇಲ್ಲದವರು, ಇದನ್ನು ಧೈರ್ಯವಾಗಿ ಕೊಳ್ಳಬಹುದು. ನನ್ನ ಕಣ್ಣಿಗೆ ಕಂಡ ಕೊರತೆ ಹೋಟೆಲ್ ಕೋಣೆಯಲ್ಲಿ ಮಾತ್ರ. ಅಲ್ಲಿ ಹಸಿರು ಸ್ವಲ್ಪ ತೆಳುವು, ಹಾಲು ಬೆರೆಸಿದ ಹಾಗೆ. “ತೊಳೆದು ತೊಳೆದು ಬಣ್ಣ ಬಿಟ್ಟ ಸೀರೆ” ಎಂದು ಅಮ್ಮನ ತೀರ್ಪು.

ಓಟಿಟಿಯ ಮೇಲೆ ನನಗೆ ಮುನಿಸಿಲ್ಲ. ಬಾಡಿಗೆಗೆ ತೆಗೆದು 4ಕೆಯಲ್ಲೇ ನೋಡಿದೆ. ಬಣ್ಣ ಬ್ಲೂ-ರೇಗಿಂತ ಗಟ್ಟಿಯಾಗಿತ್ತು. ಎಡವಿದ್ದು ಸಮಾಧಿ ತೋಟದಲ್ಲಿ. ಹಿಚ್‌ಕಾಕ್ ಆ ದೃಶ್ಯವನ್ನು ಫಾಗ್ ಫಿಲ್ಟರ್ ಹಾಕಿ ತೆಗೆದರು. ಬಿಸಿಲೂ ಮಂಜೂ ಕಲಸಿದ ಹಾಗೆ, ಆಕೆ ಮನುಷ್ಯಳೋ ನೆರಳೋ ಎಂದು ಅನುಮಾನ ಬರುವ ಹಾಗೆ. ಓಟಿಟಿಯಲ್ಲಿ ಆ ಮಂಜು ಪದರ ಪದರವಾಗಿ ಒಡೆದು, ನಕ್ಷೆಯ ಗೆರೆಗಳ ಥರ ಪಟ್ಟೆ ಪಟ್ಟೆ ಕಂಡಿತು. ಕಾರಣ ಸರಳ. ಓಟಿಟಿಯ 4ಕೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಹೊತ್ತು ತರುತ್ತದೆ. 4ಕೆ ಡಿಸ್ಕ್ 100ನ್ನೂ ದಾಟಬಲ್ಲದು. ಮಂಜು, ಹೊಗೆ, ಕತ್ತಲು, ಇವೇ ಸಸ್ಪೆನ್ಸ್ ಚಿತ್ರದ ಜೀವಾಳ, ಡೇಟಾ ಹಿಂಡಿ ಚಿಕ್ಕದು ಮಾಡುವ ಕಂಪ್ರೆಷನ್ನಿಗೆ ಇವೇ ಮೊದಲು ಬಲಿಯಾಗುವುದು. ಇನ್ನೊಂದು ಮಾತು: ಬಾಡಿಗೆ ಚಿತ್ರ ಇವತ್ತು ಇರುತ್ತದೆ, ನಾಳೆ ಹುಡುಕಿದರೆ ಇರುವುದಿಲ್ಲ.

4ಕೆ ಡಿಸ್ಕ್ ಬಂದದ್ದು 2020ರಲ್ಲಿ, ‘ರಿಯರ್ ವಿಂಡೋ’, ‘ಸೈಕೋ’, ‘ದಿ ಬರ್ಡ್ಸ್’ ಜೊತೆ ಒಂದೇ ಪೆಟ್ಟಿಗೆಯಲ್ಲಿ. ನನಗದು ಸಿಕ್ಕಿದ್ದು ಚಿಕ್ಕಮ್ಮನ ಮಗ ಅಮೆರಿಕದಿಂದ ಬರುವಾಗ, ಅವನ ಸೂಟ್‌ಕೇಸಿನ ಸ್ವೆಟರುಗಳ ನಡುವೆ. ಹೋಟೆಲ್ ಕೋಣೆಯ ದೃಶ್ಯ ಹಾಕಿದೆ. ಬಾಗಿಲು ತೆರೆಯಿತು. ಹಸಿರು ಬೆಳಕು ಆಕೆಯ ಭುಜದ ಅಂಚಿನಲ್ಲಿ ನಿಂತಿತ್ತು, ಮುಖ ಇನ್ನೂ ಮಬ್ಬು. ಹೆಜ್ಜೆ ಇಟ್ಟಂತೆ ಹಸಿರು ಹಿಂದೆ ಸರಿದು ಚರ್ಮದ ಬಣ್ಣ ಬಂತು, ಬೂದು ಬಣ್ಣದ ಸೂಟು ಬೂದಾಗಿಯೇ ಕಂಡಿತು. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: “ಇದು ಬಟ್ಟೆಯ ಹಸಿರಲ್ಲ ಕಣೋ, ಬೆಳಕಿನ ಹಸಿರು. ಇನ್ನೊಂದ್ ಸಲ ಹಾಕು.” ಮೂರು ಸಲ ಹಾಕಿದೆ. ಡಿವಿಡಿಯಲ್ಲಿ ಕೋಣೆಗೇ ಬಳಿದಿದ್ದ ಹಸಿರು ಇಲ್ಲಿ ಕಿಟಕಿಯಿಂದ ಬಂದದ್ದು ಎಂದು ತಿಳಿಯುತ್ತಿತ್ತು. ಎಂಟು ಪೀಳಿಗೆಯ ನಕಲುಗಳ ಮೇಲೆ ಕೂತು ಆ ಬೆಳಕನ್ನು ಉಳಿಸಿದವರಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಗೆಲುವು 4ಕೆಗೇ. ಆದರೆ ಧ್ವನಿಯಲ್ಲಿ ಒಂದು ಎಚ್ಚರಿಕೆ. 1996ರಲ್ಲಿ ಚಿತ್ರಕ್ಕೆ ಆರು ಚಾನೆಲ್‌ನ ಸ್ಟೀರಿಯೋ ಮಾಡುವಾಗ ಕೆಲವು ಸದ್ದುಗಳನ್ನು ಹೊಸದಾಗಿ ರೆಕಾರ್ಡ್ ಮಾಡಿದರು. ಹಿಚ್‌ಕಾಕ್ ಬಿಟ್ಟುಹೋದ ಡಬ್ಬಿಂಗ್ ಟಿಪ್ಪಣಿಗಳನ್ನೇ ಆಧಾರ ಮಾಡಿಕೊಂಡರು. ಆದರೂ ಅಭಿಮಾನಿಗಳಲ್ಲಿ ಅದರ ಬಗ್ಗೆ ಜಗಳ ಇನ್ನೂ ನಿಂತಿಲ್ಲ. ನನಗೂ ಆ ಹೊಸ ಹೆಜ್ಜೆ ಸದ್ದು, ಗುಂಡಿನ ಸದ್ದು ಚಿತ್ರದಿಂದ ಬೇರೆಯಾಗಿ ಎದ್ದು ಕೇಳಿಸುತ್ತದೆ. 4ಕೆ ಡಿಸ್ಕಿನ ಮೆನುವಿನಲ್ಲಿ ಒಂದೇ ಚಾನೆಲ್‌ನ ಮೋನೋ ಟ್ರ್ಯಾಕೂ ಇದೆ. ಮೊದಲ ಸಲ ನೋಡುವವರು ಅದನ್ನೇ ಹಾಕಿ. ಎರಡನೇ ಸಲ ಸಂಗೀತಕ್ಕಾಗಿ ಸ್ಟೀರಿಯೋ ಕೇಳಿ. ಹರ್ಮನ್ ಸಂಗೀತದ ಒಂದು ಭಾಗ ಲಂಡನ್‌ನಲ್ಲಿ ಸ್ಟೀರಿಯೋದಲ್ಲೂ, ಸಂಗೀತಗಾರರ ಮುಷ್ಕರದ ಕಾರಣ ಉಳಿದದ್ದು ವಿಯೆನ್ನಾದಲ್ಲಿ ಮೋನೋದಲ್ಲೂ ರೆಕಾರ್ಡ್ ಆಯಿತು. ಗಮನವಿಟ್ಟು ಕೇಳಿದರೆ ನಾದ ಒಮ್ಮೆ ಅಗಲ, ಒಮ್ಮೆ ಕಿರಿದು.

ಹಾಗಂತ ಎಲ್ಲ ಚಿತ್ರಕ್ಕೂ 4ಕೆ ಬೇಕು ಅನ್ನುವುದಿಲ್ಲ. ‘ರಿಯರ್ ವಿಂಡೋ’ 1954ರದ್ದು, ವಿಸ್ಟಾವಿಷನ್ ಅಲ್ಲ, ಸಾಮಾನ್ಯ 35 ಎಂಎಂ. ಎದುರು ಮನೆಯ ಕಿಟಕಿಗಳೊಳಗಿನ ಬದುಕು ಬ್ಲೂ-ರೇಯಲ್ಲೇ ಸಾಕಷ್ಟು ಚೆನ್ನಾಗಿ ಕಾಣುತ್ತದೆ. 4ಕೆಯಲ್ಲಿ ಸಂಜೆಯ ಆಕಾಶ ಇನ್ನೂ ಚೆಂದ, ಅಷ್ಟೇ. ‘ಸೈಕೋ’ ವಿಷಯ ಬೇರೆ. ಕಪ್ಪು-ಬಿಳುಪಿನ ಗ್ರೇನ್ (ಫಿಲ್ಮಿನ ಮೇಲಿನ ಸಣ್ಣ ಚುಕ್ಕೆಗಳು) 4ಕೆಯಲ್ಲಿ ಸಣ್ಣ ರವೆಯಂತೆ ಮೈತುಂಬ ಇದೆ, ಬ್ಲೂ-ರೇಯಲ್ಲಿ ಅದು ಒರಟು. ಅದಕ್ಕಿಂತ ಮುಖ್ಯವಾಗಿ 2020ರ ಡಿಸ್ಕಿನಲ್ಲಿ ಕತ್ತರಿ ಬೀಳದ ಆವೃತ್ತಿ ಇದೆ. ಜಾಸ್ತಿ ಇರುವುದು ಕೆಲವೇ ಸೆಕೆಂಡು. ಆದರೆ ರಕ್ತ ಅಂಟಿದ ಕೈಗಳ ಆ ಶಾಟ್ ಇನ್ನೊಂದು ಉಸಿರಿನಷ್ಟು ನಿಂತರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ನೋಡಿಯೇ ತಿಳಿಯಬೇಕು.

ಕೊಳ್ಳುವ ಮುಂಚೆ ರೀಜನ್ ನೋಡಿಕೊಳ್ಳಿ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಮಾತ್ರ ಓಡಬೇಕು ಎಂದು ಹಾಕಿದ ಬೀಗ. ನಮ್ಮ ದೇಶ ಡಿವಿಡಿಗೆ ರೀಜನ್ 5, ಬ್ಲೂ-ರೇಗೆ ರೀಜನ್ ಸಿ. ಅಮೆರಿಕ ಬ್ಲೂ-ರೇಗೆ ಎ, ಬ್ರಿಟನ್ ಬಿ. ಆಂರಿ-ಜಾರ್ಜ್ ಕ್ಲೂಜೋ ಅವರ 1955ರ ‘ಲೇ ದಿಯಾಬೊಲೀಕ್’ ಚಿತ್ರದ ಬ್ಲೂ-ರೇಗೆ ನಾನು ತಿಂಗಳುಗಟ್ಟಲೆ ಕಾದೆ, ಸುಂಕವನ್ನೂ ಕಟ್ಟಿದೆ. ಡಿಸ್ಕ್ ಹಾಕಿದರೆ ‘ಈ ರೀಜನ್‌ನಲ್ಲಿ ಓಡುವುದಿಲ್ಲ’ ಎಂಬ ಒಂದೇ ಸಾಲು. ಕವರಿನ ಹಿಂದೆ ಪುಟ್ಟದಾಗಿ ‘ಎ’ ಎಂದಿತ್ತು. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಸಿಗುವ ತನಕ ಅದು ಕಪಾಟಿನಲ್ಲೇ ಇತ್ತು, ಬಹಳ ಬೇಜಾರಾಗಿತ್ತು. 4ಕೆ ಡಿಸ್ಕಿಗೆ ಈ ರೀಜನ್ ಬೀಗವೇ ಇಲ್ಲ. ಅದರ ಪರವಾಗಿ ನನ್ನದೊಂದು ದೊಡ್ಡ ಮತ ಇದಕ್ಕೇ. ಪ್ಲೇಯರ್ ದುಬಾರಿ ಅನ್ನಿಸಿದರೆ ಮನೆಯ ಮಕ್ಕಳ ಗೇಮ್ ಕನ್ಸೋಲ್ ನೋಡಿ. ಎಕ್ಸ್‌ಬಾಕ್ಸ್ ಒನ್ ಎಸ್, ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5, ಎರಡೂ 4ಕೆ ಡಿಸ್ಕ್ ಓಡಿಸುತ್ತವೆ. ಪ್ಲೇಸ್ಟೇಷನ್ 4 ಓಡಿಸುವುದಿಲ್ಲ.

ಇಷ್ಟೆಲ್ಲ ನೋಡುವಾಗ ನಮ್ಮ ಚಿತ್ರಗಳು ನೆನಪಾಗದೆ ಇರುವುದಿಲ್ಲ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ ರಿಸ್ಟೋರ್ ಆಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅಂದರೆ ಕನ್ನಡಕ್ಕೂ ಇದು ಆಗದ ಕೆಲಸವಲ್ಲ. ಕಾಶಿನಾಥ್ ಅವರ ‘ಅಪರಿಚಿತ’, ಸುನಿಲ್ ಕುಮಾರ್ ದೇಸಾಯಿಯವರ ಹಾಡೇ ಇಲ್ಲದ ‘ತರ್ಕ’, ಇವಕ್ಕೂ ಯಾರಾದರೂ ಹೀಗೆ ಬಣ್ಣದ ಮಾದರಿ ಹುಡುಕಿಕೊಂಡು ಹೊರಡಲಿ ಎಂದು ಮನಸಾರೆ ಆಸೆಪಡುತ್ತೇನೆ. ನನ್ನ ಹತ್ತಿರ ಇರುವ ‘ತರ್ಕ’ ವಿಸಿಡಿಯಲ್ಲಿ ಕತ್ತಲೆ ದೃಶ್ಯ ಬಂದರೆ ಮುಖ ಯಾವುದು ಗೋಡೆ ಯಾವುದು ತಿಳಿಯುವುದಿಲ್ಲ.

‘ವರ್ಟಿಗೋ’ ಬ್ಲೂ-ರೇಯನ್ನು ಪಕ್ಕದ ಬೀದಿಯ ಗೆಳೆಯನಿಗೆ ಕೊಟ್ಟೆ, ಅವನ ಹತ್ತಿರ 4ಕೆ ಪ್ಲೇಯರ್ ಇಲ್ಲ. ಡಿವಿಡಿ ಅಟ್ಟಕ್ಕೆ ಹೋಯಿತು. ಅದರ ಜಾಗದಲ್ಲಿ, 4ಕೆ ಪೆಟ್ಟಿಗೆಯ ಪಕ್ಕಕ್ಕೇ, ‘ತರ್ಕ’ ವಿಸಿಡಿಯನ್ನು ಗೀರು ಬೀಳದ ಹಾಗೆ ಹೊಸ ಕವರಿಗೆ ಹಾಕಿ ಇಟ್ಟಿದ್ದೇನೆ.