ಗುಳೇದಗುಡ್ಡದ ಖಣ ಚೆನ್ನ, ತಕರಾರೆಲ್ಲ ಅಸ್ತರದ್ದು

ಬಾಗಲಕೋಟೆಯ ನವನಗರದ ಅಂಗಡಿಯೊಂದರಲ್ಲಿ 650 ರೂಪಾಯಿ ಕೊಟ್ಟು ಕೊಂಡ ಗುಳೇದಗುಡ್ಡ ಖಣದ ಸಿದ್ಧ ಕುಪ್ಪಸವನ್ನು ಎರಡು ವರ್ಷಗಳಿಂದ ಇಳಕಲ್ ಸೀರೆಗಳ ಮೇಲೆ ತೊಡುತ್ತಿದ್ದೇನೆ. ಖಣದ ಅಂಚು, ಬುಟ್ಟಾ, ಬಣ್ಣಗಳು ಎಲ್ಲರಿಗೂ ಗೊತ್ತಿರುವಂಥವು. ಅವುಗಳ ಬಗ್ಗೆ ನನ್ನ ದೂರಿಲ್ಲ. ದೂರಿರುವುದು ಒಳಗಿನ ಹತ್ತಿ ಅಸ್ತರದ ಮೇಲೆ.

ಮೊದಲ ಸಲ ಒಗೆದಾಗಲೇ ಅಸ್ತರ ಕುಗ್ಗಿತು. ಖಣ ಇದ್ದಷ್ಟೇ ಇದ್ದು ಒಳಬಟ್ಟೆ ಮಾತ್ರ ಗಿಡ್ಡವಾದುದರಿಂದ, ಬೆನ್ನಿನ ಮೇಲೂ ಕಂಕುಳ ಹೊಲಿಗೆಯ ಬಳಿಯೂ ಬಟ್ಟೆ ಸುಕ್ಕುಗಟ್ಟಿ ಉಬ್ಬಿತು. ಎಷ್ಟು ಇಸ್ತ್ರಿ ಮಾಡಿದರೂ ಅದು ಸಮನಾಗಲಿಲ್ಲ. ಹತ್ತಿಯ ನೂಲನ್ನು ಮಗ್ಗದ ಮೇಲೆ ಬಿಗಿಯಾಗಿ ಎಳೆದು ನೇಯುತ್ತಾರೆ, ಆಮೇಲೆ ಗಂಜಿ ಕೊಟ್ಟು ಎಳೆದ ಸ್ಥಿತಿಯಲ್ಲೇ ಒಣಗಿಸುತ್ತಾರೆ. ನೀರು ತಾಗಿದೊಡನೆ ನೂಲು ಉಬ್ಬಿ, ಆ ಬಿಗಿತ ಸಡಿಲಗೊಂಡು, ಬಟ್ಟೆ ತನ್ನ ಸಹಜ ಅಳತೆಗೆ ಮರಳುತ್ತದೆ. ಉದ್ದಕ್ಕೆ ಹಾಯುವ ಹಾಸಿನ ನೂಲಿಗೆ ಎಳೆತ ಹೆಚ್ಚಾಗಿರುವುದರಿಂದ ಸಾಮಾನ್ಯವಾಗಿ ಅಗಲಕ್ಕಿಂತ ಉದ್ದವೇ ಹೆಚ್ಚು ಕುಗ್ಗುತ್ತದೆ. 15 ಇಂಚಿನ ಅಸ್ತರ ಶೇ. 3ರಷ್ಟು ಕುಗ್ಗಿದರೂ ಅರ್ಧ ಇಂಚಿನ ಸಮೀಪ ಹೋದಂತೆ. ಮೈಗೆ ಹೊಂದಿಸಿ ಹೊಲಿದ ಕುಪ್ಪಸದಲ್ಲಿ ಅಷ್ಟು ಕಡಿಮೆಯಾದರೆ ಕೈ ಎತ್ತಿ ಜಡೆ ಹಾಕಿಕೊಳ್ಳುವುದೂ ಕಷ್ಟ.

ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ 1930ರ ಹೊತ್ತಿಗೇ ಬಟ್ಟೆಯನ್ನು ಕಾರ್ಖಾನೆಯಲ್ಲಿಯೇ ಕುಗ್ಗಿಸಿಬಿಡುವ ಯಂತ್ರವಿಧಾನಕ್ಕೆ ಪೇಟೆಂಟ್ ಪಡೆದಿದ್ದ. ಹಾಗೆ ಕುಗ್ಗಿಸಿದ ಬಟ್ಟೆಗೆ ಸ್ಯಾನ್‌ಫರೈಸ್ಡ್ ಎಂಬ ಹೆಸರು ಅವನಿಂದಲೇ ಬಂದದ್ದು. ಅಗ್ಗದ ಅಸ್ತರಕ್ಕೆ ಅಷ್ಟು ಖರ್ಚು ಬೇಡ, ಒಂದು ರಾತ್ರಿ ಬಕೆಟ್ ನೀರಿನಲ್ಲಿ ನೆನೆಸಿ ಒಣಗಿಸಿ ಕತ್ತರಿಸಿದ್ದರೂ ಸಾಕಿತ್ತು. ಅಂಗಡಿಯವರು ಅದನ್ನೂ ಮಾಡಿರಲಿಲ್ಲ, ಮಾಡಿಲ್ಲವೆಂದು ಹೇಳಿರಲೂ ಇಲ್ಲ.

ಕುಪ್ಪಸವನ್ನು ಮೂಲೆಗೆ ಹಾಕದಿರಲು ಕಾರಣ ನಮ್ಮ ಓಣಿಯ ಸಿಂಪಿಗರು. ಅವರು ಕೆಳಗಿನ ಮಡಿಕೆ ಬಿಚ್ಚಿ, ಪಕ್ಕದ ಹೊಲಿಗೆಯೊಳಗೆ ಉಳಿದಿದ್ದ ಬಟ್ಟೆಯನ್ನೂ ಬಿಟ್ಟು, ಅಸ್ತರವನ್ನು ಖಣದ ಅಳತೆಗೆ ತಂದು ಮತ್ತೆ ಹೊಲಿದರು. ಒಳಗೆ ಅಷ್ಟು ಬಟ್ಟೆ ಉಳಿಸಿದ್ದರು ಎಂಬುದಕ್ಕೆ ಅಂಗಡಿಯವರನ್ನು ಮೆಚ್ಚಲೇಬೇಕು. ಆಮೇಲೆ ಅಸ್ತರ ಗಮನಕ್ಕೆ ಬರುವಷ್ಟು ಕುಗ್ಗಿಲ್ಲ. ಗಂಜಿ ಹೋಗಿ ಮೆತ್ತಗಾಗಿ ಬೆವರನ್ನೂ ಚೆನ್ನಾಗಿ ಹೀರುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಅದೇ ದೊಡ್ಡ ಸುಖ. ತಣ್ಣೀರಿನಲ್ಲಿ ಅಂಟುವಾಳದ ನೊರೆಗೆ ಅದ್ದಿ, ಹಿಂಡದೆ, ಒಳಮೈ ಹೊರಗೆ ಮಾಡಿ ನೆರಳಿಗೆ ಹಾಕುತ್ತೇನೆ. ಇನ್ನೂ ತೇವವಿರುವಾಗಲೇ ಎರಡೂ ಅಂಚು ಹಿಡಿದು ಮೆಲ್ಲನೆ ಎಳೆದು, ಒಳಗಿನಿಂದ ಇಸ್ತ್ರಿ ಮಾಡುತ್ತೇನೆ.

ಖಣಕ್ಕೆ ಪೂರ್ಣ ಅಂಕ, ಹೊಲಿಗೆಗೆ ಅರ್ಧ. ಸಿದ್ಧ ಕುಪ್ಪಸವನ್ನೇ ಕೊಳ್ಳುವವರು ಅಸ್ತರ ನೆನೆಸಿದ್ದೋ ಅಲ್ಲವೋ ಎಂದು ಕೇಳಿ ಕೊಳ್ಳಲಿ. ನೆನೆಸಿ ಹೊಲಿದದ್ದಕ್ಕೆ 50 ರೂಪಾಯಿ ಹೆಚ್ಚಾದರೂ ನಾನು ಚೌಕಾಸಿ ಮಾಡುವವಳಲ್ಲ.