ಮೀನು ಪಾರ್ಸಲ್ ಮಾಡುವವರೇ, ಕವರ್ ಕೊಳ್ಳುವಾಗ ಹುಷಾರ್

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯಲ್ಲೇ ಗಪ್ಪಿ, ಮೋಲಿ, ಏಂಜೆಲ್‌ನಂಥ ಅಕ್ವೇರಿಯಂ ಮೀನಿನ ಮರಿ ಮಾಡಿಸಿ ಬೇರೆ ಊರಿಗೆ ಕಳಿಸುವವರು ಇತ್ತೀಚೆಗೆ ಸಾಕಷ್ಟು ಮಂದಿ ಆಗಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೀನಿನ ತಳಿ, ನೀರು, ಆಕ್ಸಿಜನ್ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ, ಮೀನು ತುಂಬುವ ಪ್ಲಾಸ್ಟಿಕ್ ಕವರ್ ವಿಷಯ ಬಂದ ಕೂಡಲೇ ‘ಮಾರ್ಕೆಟ್‌ನಾಗ ಸಿಗ್ತಾವ ಬಿಡ್ರಿ’ ಎಂದು ಮುಗಿಸಿಬಿಡುತ್ತೇವೆ. ಹುಬ್ಬಳ್ಳಿ ಪೇಟೆಯ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಕೊಂಡ ಕವರ್‌ಗಳಿಂದ ನನ್ನದೊಂದು ಪಾರ್ಸಲ್ ಪೂರ್ತಿ ಹಾಳಾಯಿತು. ಅಂಗಡಿ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಅಂಥದೇ ಮಾಲು ಪಕ್ಕದ ಅಂಗಡಿಯಲ್ಲೂ ಇರಬಹುದು. ಮಾಲು ಗುರುತಿಸುವುದು ಗೊತ್ತಿದ್ದರೆ ಸಾಕು.

ನಾನು ಕೇಳಿದ್ದು 12×18 ಇಂಚಿನ ಎಲ್‌ಡಿ (ಲೋ ಡೆನ್ಸಿಟಿ ಪಾಲಿಥೀನ್) ಕವರ್, ದಪ್ಪ 75 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಂಗಡಿಯವರು ಒಂದು ಬಂಡಲ್ ಮುಂದೆ ಇಟ್ಟರು. ಇದು 75 ಹೌದೋ ಅಲ್ಲವೋ ಎಂದು ಕೇಳಿದರೆ, “ಕಣ್ಣ ಮುಚ್ಚಿ ಒಯ್ರಿ ಸರ. ತೆಳ್ಳಂದು ಸರ್ಕಾರದವ್ರ ಬ್ಯಾನ್ ಮಾಡ್ಯಾರ, ನಾವ್ ಹ್ಯಾಂಗ ಇಡಾಕ ಬರ್ತೈತಿ?” ಎಂದರು. ಕೇಳಲು ಸರಿ ಎನಿಸುವ ಮಾತು. ಆದರೆ 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಎಂದು ಕೇಂದ್ರ ಸರ್ಕಾರ ನಿಗದಿ ಮಾಡಿದ್ದು ಕ್ಯಾರಿ ಬ್ಯಾಗಿಗೆ. ಪ್ಯಾಕಿಂಗ್ ಕವರಿನ ಲೆಕ್ಕವೇ ಬೇರೆ. ಬ್ಯಾನ್ ಹೆಸರು ಹೇಳಿ ಯಾರಾದರೂ ದಪ್ಪದ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಇನ್ನೊಂದು, ಅವರು ಕೊಟ್ಟದ್ದು ಕಿಲೋ ಲೆಕ್ಕದಲ್ಲಲ್ಲ, ನೂರರ ಲೆಕ್ಕದಲ್ಲಿ. ಇದು ಯಾಕೆ ಮುಖ್ಯ ಎಂಬುದನ್ನು ಮುಂದೆ ಹೇಳುತ್ತೇನೆ.

ಆ ಕವರ್‌ಗಳಲ್ಲಿ ಏಂಜೆಲ್ ಮತ್ತು ಗಪ್ಪಿ ತುಂಬಿ, ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಬಳ್ಳಾರಿಗೆ ಕಳಿಸಿದೆ. ಬೆಳಿಗ್ಗೆ ಗಿರಾಕಿಯ ಫೋನು: “ಅಣ್ಣಾರ, ಡಬ್ಬಿ ತಳ ಹಸಿ ಆಗೇತ್ರಿ. ಕವರೆಲ್ಲ ಮೆತ್ತಗಾಗ್ಯಾವ.” ಹಿಂದೆಯೇ ವಿಡಿಯೋ ಬಂತು. ಕೆಲವು ಕವರ್‌ಗಳಲ್ಲಿ ಎರಡು ಬೆರಳು ನೀರು ಉಳಿದಿತ್ತು, ಏಂಜೆಲ್‌ಗಳು ಅಡ್ಡ ಬಿದ್ದು ಕಿವಿರು ಅಗಲಿಸಿಕೊಂಡಿದ್ದವು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಕವರ್‌ಗಳು. ಅವುಗಳಲ್ಲಿ ನೀರು ಹಾಗೇ ಇತ್ತು, ಒಂದು ಹನಿ ಹೋಗಿರಲಿಲ್ಲ. ಆದರೂ ಮೀನು ಸತ್ತಿದ್ದವು.

ಇಂಥ ಹೊತ್ತಿನಲ್ಲಿ ಎಲ್ಲರೂ ಬಸ್ಸಿನವರನ್ನು ಬೈಯುತ್ತಾರೆ. ಡಬ್ಬಿಗೆ ಒಂದು ಗೀರೂ ಬಿದ್ದಿರಲಿಲ್ಲ, ಟೇಪು ಕಿತ್ತಿರಲಿಲ್ಲ. ಗಿರಾಕಿಯ ದುಡ್ಡು ವಾಪಸ್ ಹಾಕಿ, ಆ ಕವರ್‌ಗಳನ್ನು ಒಣಗಿಸಿ ಕಳಿಸಿಕೊಡಿ ಎಂದು ಕೇಳಿಕೊಂಡೆ. ಪುಣ್ಯಾತ್ಮರು ಬೇಸರವಿಲ್ಲದೆ ಕಳಿಸಿದರು.

ಒಂದು ಕವರಿಗೆ ಮೂರು ಲೀಟರ್ ನೀರು ತುಂಬಿ ಹಳೇ ಪೇಪರ್ ಮೇಲೆ ಎತ್ತಿ ಹಿಡಿದೆ. ತಳದ ಸೀಲ್ ಗೆರೆ ನೋಡಲು ಗಟ್ಟಿಯಾಗೇ ಇತ್ತು. ಆದರೆ ಮೂಲೆಯ ಹತ್ತಿರ, ಗೆರೆಯ ಮೇಲಲ್ಲ, ಗೆರೆಗೆ ಅಂಟಿದಂತೆ ಸ್ವಲ್ಪ ಮೇಲೆ, ದಾರದಷ್ಟು ಸಣ್ಣ ನೀರು ಚಿಮ್ಮುತ್ತಿತ್ತು. ಸೀಲ್ ಮಾಡುವಾಗ ಕಾವು ಹೆಚ್ಚಾದರೆ ಹೀಗಾಗುತ್ತದೆ. ಗೆರೆ ಚೆನ್ನಾಗಿ ಅಂಟುತ್ತದೆ, ಅದರ ಪಕ್ಕದ ಪ್ಲಾಸ್ಟಿಕ್ ಕರಗಿ ತೆಳುವಾಗುತ್ತದೆ. ಖಾಲಿ ಕವರ್ ನೋಡಿದರೆ ಏನೂ ಕಾಣುವುದಿಲ್ಲ. ಮೂರು ಕಿಲೋ ಭಾರ ಬಿದ್ದು, ಬಸ್ಸು ರಾತ್ರಿಯಿಡೀ ಕುಲುಕಿದಾಗ ಅಲ್ಲಿ ಬಾಯಿ ಬಿಡುತ್ತದೆ.

ನೀರು ಸೋರದ ಕವರ್‌ಗಳಲ್ಲಿ ಗಾಳಿ ತುಂಬಿ ಬಾಯಿ ಹಿಡಿದು, ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡುವಂತೆ ಬಕೆಟ್ಟಿನಲ್ಲಿ ಮುಳುಗಿಸಿ ಅದುಮಿದೆ. ಮೇಲ್ಭಾಗದಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ನಾವು ಮೂರನೇ ಒಂದು ಭಾಗ ನೀರು, ಉಳಿದದ್ದೆಲ್ಲ ಆಕ್ಸಿಜನ್ ತುಂಬುತ್ತೇವಲ್ಲ, ತೂತು ಆ ಮೇಲಿನ ಭಾಗದಲ್ಲಿದ್ದರೆ ನೀರು ಹೋಗುವುದಿಲ್ಲ, ಆಕ್ಸಿಜನ್ ಹೋಗುತ್ತದೆ. ಡಬ್ಬಿ ಒಣಗಿಯೇ ಇರುತ್ತದೆ, ಮೀನು ಉಸಿರುಗಟ್ಟಿ ಸಾಯುತ್ತವೆ. ಗಿರಾಕಿ ‘ನಿಮ್ಮ ಮೀನಿಗೆ ರೋಗ ಇತ್ತು’ ಎನ್ನುತ್ತಾನೆ. ಹಾಗೆಂದು ಎಷ್ಟು ಜನ ಜಗಳ ಮಾಡಿಕೊಂಡಿದ್ದಾರೋ!

ಇನ್ನು ದಪ್ಪದ ಮಾತು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವ ಗೆಳೆಯರೊಬ್ಬರಿದ್ದಾರೆ. ಅವರ ಲ್ಯಾಬಿನ ಸ್ಕ್ರೂಗೇಜ್‌ನಲ್ಲಿ ಅಳೆದೆವು. ಒಂದೇ ಪದರ ಇಟ್ಟರೆ ಓದು ನಂಬುವಂತಿರುವುದಿಲ್ಲ, ಅದಕ್ಕೇ ಮಡಚಿ ಎಂಟು ಪದರ ಮಾಡಿ ಅಳೆಯಬೇಕು. 75 ಮೈಕ್ರಾನ್ ಆಗಿದ್ದರೆ 0.60 ಮಿಲಿಮೀಟರ್ ತೋರಿಸಬೇಕಿತ್ತು, ತೋರಿಸಿದ್ದು 0.41. ಅಂದರೆ ಪದರಕ್ಕೆ 51 ಮೈಕ್ರಾನ್.

ಎಲ್ಲರಿಗೂ ಸ್ಕ್ರೂಗೇಜ್ ಎಲ್ಲಿ ಸಿಗಬೇಕು? ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಎಲ್‌ಡಿ ಪ್ಲಾಸ್ಟಿಕ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.92 ಗ್ರಾಂ. ಕವರಿನ ಉದ್ದ ಮತ್ತು ಅಗಲವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಎರಡು ಪದರ ಇರುವುದರಿಂದ ಎರಡರಿಂದ ಗುಣಿಸಿ, ಮೈಕ್ರಾನ್‌ನಿಂದ ಗುಣಿಸಿ, 0.92ರಿಂದ ಗುಣಿಸಿ, ಕೊನೆಗೆ 10,000ದಿಂದ ಭಾಗಿಸಿ. ಒಂದು ಕವರಿನ ತೂಕ ಗ್ರಾಂನಲ್ಲಿ ಬರುತ್ತದೆ. 12×18 ಇಂಚು ಅಂದರೆ ಸುಮಾರು 30.5×45.7 ಸೆಂಟಿಮೀಟರ್. 75 ಮೈಕ್ರಾನ್ ಇದ್ದರೆ ಹತ್ತು ಕವರ್ 192 ಗ್ರಾಂ ತೂಗಬೇಕು. 50 ಇದ್ದರೆ 128. ಐದು-ಹತ್ತು ಗ್ರಾಂ ಆಚೀಚೆ ಆದರೆ ಚಿಂತೆಯಿಲ್ಲ, ಅರವತ್ತು ಗ್ರಾಂ ಕಡಿಮೆ ಬಂದರೆ ಬಂಡಲ್ ಅಲ್ಲೇ ಬಿಟ್ಟು ಬನ್ನಿ.

ನೂರರ ಲೆಕ್ಕದ ಗುಟ್ಟು ಇಲ್ಲೇ ಇದೆ. ಕಿಲೋ ಲೆಕ್ಕದಲ್ಲಿ ಕೊಂಡರೆ ತೆಳು ಕೊಟ್ಟು ಅಂಗಡಿಯವರಿಗೆ ಏನೂ ಲಾಭವಿಲ್ಲ, ನಮಗೇ ಕವರ್ ಹೆಚ್ಚು ಬರುತ್ತವೆ. ಈ ಸೈಜಿನಲ್ಲಿ ಕಿಲೋಗೆ 75 ಮೈಕ್ರಾನ್‌ದು 52 ಬಂದರೆ, 50ರದ್ದು 78 ಬರುತ್ತವೆ. ನೂರರ ಲೆಕ್ಕದಲ್ಲಿ ಕೊಂಡರೆ ಆ ವ್ಯತ್ಯಾಸವೆಲ್ಲ ಅವರ ಗಲ್ಲಾಕ್ಕೆ. ಹಾಗಾಗಿ ಕಿಲೋ ರೇಟ್ ಕೇಳಿ, ಮನೆಗೆ ಬಂದು ಎಣಿಸಿ.

ಅಂಗಡಿಗೆ ವಾಪಸ್ ಹೋಗಿ ಲೆಕ್ಕ ಮುಂದಿಟ್ಟೆ. “ಮೈಕ್ರಾನ್ ಅಂತ ನಾವೆಲ್ಲಿ ಅಂದೇವ್ರಿ? 200 ಗೇಜ್ ಮಾಲು ಅದು, ಬರೋಬ್ಬರಿ ಐತಿ” ಎಂದರು. ಗೇಜ್ ಕೂಡ ದಪ್ಪದ ಅಳತೆಯೇ, 200 ಗೇಜ್ ಅಂದರೆ ಸುಮಾರು 50 ಮೈಕ್ರಾನೇ. ಮಾತಿನ ಮಟ್ಟಿಗೆ ಅವರು ಗೆದ್ದರು, ಯಾಕೆಂದರೆ ಬಿಲ್ಲಿನಲ್ಲಿ ‘ಪ್ಲಾಸ್ಟಿಕ್ ಕವರ್’ ಎಂದಷ್ಟೇ ಬರೆದಿತ್ತು. ಗೇಜನ್ನು ನಾಲ್ಕರಿಂದ ಭಾಗಿಸಿದರೆ ಹೆಚ್ಚುಕಡಿಮೆ ಮೈಕ್ರಾನ್ ಸಿಗುತ್ತದೆ: 300 ಗೇಜ್‌ಗೆ 75, 400ಕ್ಕೆ 100. ಕೆಲವರು ಎರಡೂ ಪದರ ಸೇರಿಸಿ ‘100 ಮೈಕ್ರಾನ್’ ಎನ್ನುವುದೂ ಉಂಟು. ಬಿಲ್ಲಿನಲ್ಲಿ ‘ಎಲ್‌ಡಿ, ಇಷ್ಟು ಇಂಚು, ಪದರಕ್ಕೆ ಇಷ್ಟು ಮೈಕ್ರಾನ್’ ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಂತೆಯೇ.

ಸಮಾಧಾನಕ್ಕೆಂದು ಅವರು ಇನ್ನೊಂದು ಬಂಡಲ್ ತೆಗೆದರು. ಗಾಜಿನಷ್ಟು ಸ್ವಚ್ಛ, ಫಳಫಳ. “ಇದರಾಗ ಮೀನು ಎಷ್ಟು ಚಂದ ಕಾಣ್ತಾವ ನೋಡ್ರಿ.” ಅದು ಪಿಪಿ ಕವರ್, ಅಂಗಿ, ಚೂಡಾ, ಶೇವು ತುಂಬುವಂಥದ್ದು. ಮುಟ್ಟಿದರೆ ಚರಚರ ಸದ್ದು ಮಾಡುತ್ತದೆ, ಬೆರಳಿಂದ ಎಳೆದರೆ ಹಿಗ್ಗುವುದಿಲ್ಲ, ಒಂದು ಗೀರು ಬಿದ್ದರೆ ಸರ್ರನೆ ಉದ್ದಕ್ಕೂ ಹರಿಯುತ್ತದೆ. ಮೀನಿಗೆ ಅದು ಬೇಡವೇ ಬೇಡ. ಹಾಲಿನಂತೆ ಮಬ್ಬಾಗಿ, ತೆಳ್ಳಗೆ, ಸದ್ದು ಮಾಡುವ ಎಚ್‌ಎಂ ಕವರೂ ಬೇಡ. ಎಲ್‌ಡಿ ಮೆತ್ತಗಿರುತ್ತದೆ, ಸದ್ದು ಕಡಿಮೆ, ಹೆಬ್ಬೆರಳಿಂದ ಒತ್ತಿದರೆ ಹರಿಯುವ ಮುಂಚೆ ಹಿಗ್ಗುತ್ತದೆ. ನೀರಲ್ಲಿ ತೇಲಿಸಿ ಪರೀಕ್ಷೆ ಮಾಡಿ ಎನ್ನುವವರಿದ್ದಾರೆ. ಎಲ್‌ಡಿ, ಎಚ್‌ಎಂ, ಪಿಪಿ ಮೂರೂ ತೇಲುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ.

ಮೂಗಿನ ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಬಂಡಲ್ ಬಿಚ್ಚಿ ಒಂದು ಕವರಿನ ಬಾಯಿ ತೆರೆದು ಮೂಸಿ. ಸೀಮೆಎಣ್ಣೆಯಂಥ ಅಥವಾ ಸುಟ್ಟ ವಾಸನೆ ಬಂದರೆ, ಬೆಳಕಿಗೆ ಹಿಡಿದಾಗ ಕಪ್ಪು ಚುಕ್ಕಿ ಕಂಡರೆ, ಅದು ರೀಪ್ರೊಸೆಸ್ ಮಾಲು. ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದರಲ್ಲಿ ಮೊದಲು ಏನಿತ್ತೋ ಯಾರಿಗೆ ಗೊತ್ತು. ಆ ಚುಕ್ಕಿ ಇರುವ ಜಾಗದಲ್ಲೇ ತೂತೂ ಬೀಳುತ್ತದೆ. ವರ್ಜಿನ್ ಮಾಲು, ಅಂದರೆ ಹೊಸ ಪ್ಲಾಸ್ಟಿಕ್‌ನಿಂದ ಮಾಡಿದ್ದು ಎಂದು ಕೇಳಿ, ರೇಟು ಹೆಚ್ಚಿರುತ್ತದೆ, ಇರಲಿ.

ಸೀಲ್ ಎಲ್ಲಿದೆ ಎಂದೂ ನೋಡಿ. ಎರಡೂ ಬದಿಗೆ ಉದ್ದಕ್ಕೂ ಸೀಲ್ ಇದ್ದು ತಳ ಮಡಿಕೆಯಾಗಿದ್ದರೆ ಅದು ಸೈಡ್ ಸೀಲ್ ಕವರ್. ಸೋರಲು ಎರಡು ಉದ್ದ ಗೆರೆ. ಕೊಳವೆಯಂಥ ಪ್ಲಾಸ್ಟಿಕ್ ಟ್ಯೂಬಿನಿಂದ ಕತ್ತರಿಸಿದ ಬಾಟಮ್ ಸೀಲ್ ಕವರಿಗೆ ತಳದಲ್ಲಿ ಒಂದೇ ಗೆರೆ, ಬದಿಯಲ್ಲಿ ಜೋಡಣೆಯೇ ಇಲ್ಲ. ಅದನ್ನೇ ತನ್ನಿ. ತಳದ ಎರಡು ಚೂಪು ಮೂಲೆಗಳಲ್ಲಿ ಸಣ್ಣ ಮರಿ ಸಿಕ್ಕಿಕೊಂಡು ಅಪ್ಪಚ್ಚಿಯಾಗುತ್ತವೆ, ಹಾಗಾಗಿ ಮೂಲೆಗಳಿಗೆ ರಬ್ಬರ್ ಬ್ಯಾಂಡ್ ಹಾಕಿ. ಎರಡನೇ ಕವರನ್ನು ಮೊದಲನೆಯದರ ಗಂಟಿನ ಕಡೆಯಿಂದ, ತಲೆಕೆಳಗಾಗಿ ಏರಿಸಿ. ಒಂದು ಸೀಲ್ ಬಿಟ್ಟರೂ ಇನ್ನೊಂದು ಕೈ ಹಿಡಿಯುತ್ತದೆ. ಸಕ್ಕರ್, ಕೋರಿಯಂಥ ಮುಳ್ಳಿನ ಮೀನಾದರೆ ಎರಡು ಕವರ್ ನಡುವೆ ನಾಲ್ಕು ಮಡಿಕೆ ಪೇಪರ್ ಇಡಿ. ಸ್ಟೇಪ್ಲರ್ ಹತ್ತಿರ ತರಬೇಡಿ.

ಆಕ್ಸಿಜನ್ ತುಂಬುವಾಗ ಕವರ್ ಡೋಲಿನಂತೆ ಬಿಗಿಯಾಗುವವರೆಗೆ ಬಿಡುವುದು ಒಂದು ಕೆಟ್ಟ ಚಾಳಿ. ಬೇಸಿಗೆಯಲ್ಲಿ ಡಬ್ಬಿ ಕಾದರೆ ಒಳಗಿನ ಗಾಳಿ ಹಿಗ್ಗುತ್ತದೆ. ಮಂಗಳೂರು, ಕಾರವಾರದಿಂದ ಘಟ್ಟ ಹತ್ತಿ ಬರುವ ಪಾರ್ಸಲ್ಲೂ ಉಬ್ಬುತ್ತದೆ, ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆಯಲ್ಲ. ಒತ್ತಡವೆಲ್ಲ ಸೀಲ್ ಮೇಲೆ ಬೀಳುತ್ತದೆ. ಒತ್ತಿದರೆ ಬೆರಳು ಸ್ವಲ್ಪ ಒಳಹೋಗುವಷ್ಟು ಸಡಿಲ ಬಿಡಿ.

ಈಗ ನಾನು ಹೊಸ ಬಂಡಲ್ ತಂದರೆ ಮೇಲಿಂದ, ನಡುವಿನಿಂದ, ಕೆಳಗಿನಿಂದ ಕೆಲವು ಕವರ್ ತೆಗೆದು ನೀರು-ಗಾಳಿ ತುಂಬಿ ರಬ್ಬರ್ ಹಾಕಿ ರಾತ್ರಿಯಿಡೀ ಪೇಪರ್ ಮೇಲೆ ಇಡುತ್ತೇನೆ, ಅರ್ಧ ಹೊತ್ತು ನೇರವಾಗಿ, ಅರ್ಧ ಹೊತ್ತು ತಲೆಕೆಳಗಾಗಿ. ಪೇಪರ್ ಒದ್ದೆಯಾಗಿದ್ದರೆ ಅಥವಾ ಕವರ್ ಮೆತ್ತಗಾಗಿದ್ದರೆ ಬಂಡಲ್ ವಾಪಸ್. ಇದನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರುತ್ತೇನೆ, “ನಾಳೆ ಮುಂಜಾನಿ ತನಕ ಟೈಮ್ ಕೊಡ್ರಿ” ಎಂದು. ಒಪ್ಪಿಕೊಳ್ಳುವವರು ಹುಬ್ಬಳ್ಳಿಯಲ್ಲೇ ಇದ್ದಾರೆ. ಒಪ್ಪದವರು ಬೇರೆ ಗಿರಾಕಿ ನೋಡಿಕೊಳ್ಳಲಿ.