ಇಳಕಲ್ ಸೆರಗಿನ ಕೆಂಪೂ ಸ್ಕ್ವೂಶ್ ತಾಣವೂ

ಇಳಕಲ್ ಸೀರೆಗಳನ್ನು ಅಂತರಜಾಲದಲ್ಲಿ ಮಾರುವ ನಮ್ಮ ಪುಟ್ಟ ಅಂಗಡಿಗೆ ಫೋಟೊ ತೆಗೆಯುವವಳೂ ನಾನೇ, ಅವನ್ನು ತಾಣಕ್ಕೆ ಏರಿಸುವವಳೂ ನಾನೇ. ಕ್ಯಾಮೆರಾದಿಂದ ಬರುವ ಚಿತ್ರ 6000×4000 ಪಿಕ್ಸೆಲ್, ಹತ್ತು ಎಂಬಿ ಆಸುಪಾಸು. ಹಾಗೆಯೇ ಹಾಕಿದರೆ ಸೀರೆ ಪರದೆಯ ಮೇಲೆ ಮೂಡುವಷ್ಟರಲ್ಲಿ ಗಿರಾಕಿ ಬೇರೆ ಅಂಗಡಿ ಹೊಕ್ಕಿರುತ್ತಾರೆ. ಚಿತ್ರ ಕುಗ್ಗಿಸಲು ನಾನು ನೆಚ್ಚಿಕೊಂಡಿರುವುದು ಸ್ಕ್ವೂಶ್ ಎಂಬ ಉಚಿತ ತಾಣವನ್ನು. ಗೂಗಲ್‌ನ ಕ್ರೋಮ್ ತಂಡ 2018ರಲ್ಲಿ ಇದನ್ನು ಹೊರತಂದಿತು.

ಖಾತೆ ತೆರೆಯಬೇಕಿಲ್ಲ. ಚಿತ್ರ ಯಾರದೋ ಸರ್ವರಿಗೆ ಹೋಗುವುದೂ ಇಲ್ಲ. ಕುಗ್ಗಿಸುವ ಕೆಲಸವೆಲ್ಲ ನಮ್ಮದೇ ಬ್ರೌಸರಿನೊಳಗೆ ನಡೆಯುತ್ತದೆ. ಮಾರುಕಟ್ಟೆಗೆ ಇನ್ನೂ ಬಿಡದ ವಿನ್ಯಾಸಗಳ ಫೋಟೊ ಇಟ್ಟುಕೊಂಡವರಿಗೆ ಇದು ಸಣ್ಣ ಮಾತಲ್ಲ.

ನನಗೆ ಬೇಕಾದದ್ದು ಪರದೆಯ ನಡುವೆ ನಿಂತ ಆ ಗೆರೆ. ಎಡಕ್ಕೆ ಮೂಲ ಚಿತ್ರ, ಬಲಕ್ಕೆ ಕುಗ್ಗಿದ್ದು. ಗೆರೆಯನ್ನು ಅತ್ತಿತ್ತ ಎಳೆದು ಹೋಲಿಸಬಹುದು. ಕೆಳಗೆ ಗಾತ್ರ ಶೇಕಡಾ ಎಷ್ಟು ಇಳಿಯಿತೆಂಬ ಅಂಕೆ ಬರುತ್ತದೆ. ಅದನ್ನು ನೋಡಿ ಹಿಗ್ಗಬೇಡಿ, ಮೊದಲು ಸೆರಗಿನ ಮೇಲೆ ಜೂಮ್ ಮಾಡಿ. ಜೆಪೆಗ್ ಎಂಬ ಮಾಮೂಲಿ ಚಿತ್ರಮಾದರಿಯಲ್ಲಿ ಗುಣಮಟ್ಟ 75 ಎಂದಿಟ್ಟರೆ ಬೆಳಕು-ನೆರಳಿನ ವಿವರ ಪ್ರತಿ ಪಿಕ್ಸೆಲ್‌ಗೂ ಉಳಿಯುತ್ತದೆ, ಬಣ್ಣದ ವಿವರ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದು. ಮುಖಕ್ಕೆ, ಆಕಾಶಕ್ಕೆ ಅಷ್ಟು ಸಾಕು. ಆದರೆ ಇಳಕಲ್‌ನ ತೋಪು ತೆನಿ ಎಂಬ ಸೆರಗಿನಲ್ಲಿ ಕಡುಗೆಂಪು ರೇಷ್ಮೆಯ ನಡುವೆ ಬಿಳಿ ವಿನ್ಯಾಸವಿರುತ್ತದೆ. ಕೆಂಪು ಅಂಚು ದಾಟಿ ಬಿಳಿಯೊಳಗೆ ಕದಡುತ್ತದೆ. ಕಸೂತಿಯ ಗವಂತಿ ಎಂಬ ಸಣ್ಣ ಗೆರೆ ಹೊಲಿಗೆಯಂತೂ ಎಳೆ ಎಳೆಯಾಗಿ ಕಾಣುವ ಬದಲು ಮಸಕು ಗೆರೆಯಾಗುತ್ತದೆ. ಬಣ್ಣ ಹಾಗಿಲ್ಲವಲ್ಲ ಎಂದು ಸೀರೆ ಹಿಂದಿರುಗಿಸುವವರ ಜೊತೆ ವಾದಿಸುವುದಕ್ಕಿಂತ ಇಲ್ಲೇ ಸರಿಪಡಿಸುವುದು ಲೇಸು.

ಸುಧಾರಿತ ಆಯ್ಕೆಗಳನ್ನು ತೆರೆದು ಬಣ್ಣದ ಈ ಕಡಿತವನ್ನು ನಿಲ್ಲಿಸಬಹುದು. ಗಾತ್ರ ತುಸು ಏರುತ್ತದೆ, ಏರಲಿ. ವೆಬ್‌ಪಿ ಎಂಬ ಇನ್ನೊಂದು ಚಿತ್ರಮಾದರಿಯ ನಷ್ಟಸಹಿತ ವಿಧಾನದಲ್ಲಿ, ಅಂದರೆ ಒಂದಿಷ್ಟು ವಿವರ ಬಿಟ್ಟು ಕುಗ್ಗಿಸುವಾಗ, ಈ ಕಡಿತ ತಪ್ಪದು. ಎವಿಐಎಫ್ ಎಂಬ ಹೊಸ ಮಾದರಿಯಲ್ಲಿ 4:4:4 (ಬಣ್ಣ ಕಡಿತವಿಲ್ಲ ಎಂದರ್ಥ) ಆರಿಸಿದರೆ ಬಣ್ಣ ಪೂರ್ತಿ ಉಳಿಯುತ್ತದೆ, ಕಡತವೂ ಚಿಕ್ಕದಾಗಿರುತ್ತದೆ. ಅಗಲ 1600 ಪಿಕ್ಸೆಲ್‌ಗೆ ಇಳಿಸಿದ ಸೆರಗಿನ ಚಿತ್ರ ನನಗೆ 200 ಕೆಬಿ ಸುತ್ತಮುತ್ತ ಬರುತ್ತದೆ. ಎವಿಐಎಫ್ ತಯಾರಾಗಲು ಹೊತ್ತು ಹಿಡಿಯುತ್ತದೆ, ನನ್ನ ಹಳೆಯ ಲ್ಯಾಪ್‌ಟಾಪ್‌ನ ಫ್ಯಾನ್ ಬೊಬ್ಬೆ ಹಾಕುತ್ತದೆ. ಐಒಎಸ್ 16ಕ್ಕಿಂತ ಹಿಂದಿನ ಐಫೋನುಗಳಲ್ಲಿ ಅದು ತೆರೆಯುವುದಿಲ್ಲವಾದ್ದರಿಂದ ಜೊತೆಗೊಂದು ಜೆಪೆಗ್ ಇಡಲೇಬೇಕು.

ದೊಡ್ಡ ಕೊರತೆಯೆಂದರೆ ಒಂದು ಸಲಕ್ಕೆ ಒಂದೇ ಚಿತ್ರ. ದಸರೆಗೆ ಸರಕು ರಾಶಿ ಬಿದ್ದಾಗ ಹೀಗೆ ಕೂರಲು ಯಾರಿಗೆ ಪುರುಸೊತ್ತು? ಹಾಗಾಗಿ ಸೀರೆಯ ಒಡಲಿನ ಮಾಮೂಲಿ ಚಿತ್ರಗಳನ್ನೆಲ್ಲ ಆದೇಶ ಟೈಪಿಸಿ ನಡೆಸುವ, ವೆಬ್‌ಪಿ ಚಿತ್ರ ತಯಾರಿಸುವ ಸಿವೆಬ್‌ಪಿ ಎಂಬ ಉಪಕರಣಕ್ಕೆ ಸಾಲಾಗಿ ಒಪ್ಪಿಸಿ, ಸೆರಗು ಮತ್ತು ಕಸೂತಿಯ ಹತ್ತಿರದ ಚಿತ್ರಗಳನ್ನು ಮಾತ್ರ ಸ್ಕ್ವೂಶ್‌ಗೆ ಹಾಕುತ್ತೇನೆ.